ತಂಗಿಯ ಕೊನೇ ಮ್ಯಾಚಿಗೆ ಅಣ್ಣನ ಕಣಿ

ರೇಡಿಯೊದವರು ಅವನನ್ನು ಕಣಿಯಣ್ಣ ಎಂದೇ ಕರೆಯುತ್ತಿದ್ದರು. ಮ್ಯಾಚ್ ಶುರುವಾಗುವ ಮುಂಚೆ ಗೆಲ್ಲುವವರು ಯಾರೆಂದು ಹೇಳುವುದು ಅವನ ಕೆಲಸ. ಹೇಳಿದ್ದು ಹುಸಿಯಾಗುತ್ತಿದ್ದುದು ಅಪರೂಪ. ಹಾಗಂತ ಅದೇನು ಮಾಟಮಂತ್ರವಲ್ಲ. ಯಾರ ಕಾಲು ಸೋತಿದೆ, ಯಾರ ಮುಖ ಬಾಡಿದೆ ಎಂದು ಕಣ್ಣಿಟ್ಟು ನೋಡುವ ಚಾಳಿ, ಅಷ್ಟೇ. ಆದರೆ ಈ ದಿನ ಆಡುವವಳು ಅವನ ಸ್ವಂತ ತಂಗಿ. ವರ್ಷಗಟ್ಟಲೆ ಟೆನಿಸ್ ಚಾಂಪಿಯನ್ ಆಗಿ ಮೆರೆದವಳು, ಇದೇ ನನ್ನ ಕೊನೆಯ ಮ್ಯಾಚ್ ಎಂದು ಊರಿಗೆಲ್ಲ ಸಾರಿಬಿಟ್ಟಿದ್ದಳು.

ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಎಡ ಮಣಿಕಟ್ಟಿಗೆ ಪಟ್ಟಿ ಸುತ್ತುವುದು ಅವನ ಕಣ್ಣಿಗೆ ಬಿದ್ದಿತ್ತು. ಮಣಿಕಟ್ಟು ಊದಿ ಗುಂಡಗಾಗಿತ್ತು. ಹಾಲಿನ ಲೋಟ ಎತ್ತಲು ಹೋಗಿ, ಆಗದೆ, ಬಲಗೈಗೆ ಬದಲಾಯಿಸಿದಳು. ಎಡಬದಿಗೆ ಬಂದ ಚೆಂಡನ್ನು ಎರಡೂ ಕೈಯಲ್ಲಿ ರಾಕೆಟ್ ಹಿಡಿದು ಹೊಡೆಯುವವಳು ಅವಳು. ಆ ಮಣಿಕಟ್ಟು ಹೋದರೆ ಅರ್ಧ ಆಟವೇ ಹೋದಂತೆ. ಆಡಬೇಡವೆಂದು ಅವನು ಎಷ್ಟು ಗೋಗರೆದರೂ ಅವಳು ಜಪ್ಪಯ್ಯ ಅನ್ನಲಿಲ್ಲ. ಪಟ್ಟಿ ಕಾಣದಂತೆ ಮೇಲೊಂದು ಬ್ಯಾಂಡ್ ಎಳೆದುಕೊಂಡು, "ಯಾರ ಹತ್ರಾನೂ ಬಾಯಿ ಬಿಡ್ಬೇಡ ಅಣ್ಣ, ಇವತ್ತೊಂದಿನ" ಅಂದಳು. ಅವಳು ಸೋಲುತ್ತಾಳೆಂದು ಅವನಿಗೆ ಅಲ್ಲೇ ಖಾತ್ರಿಯಾಯಿತು.

ಅಂಗಳದ ಮೇಲಿನ ಗಾಜಿನ ಕೋಣೆಯಲ್ಲಿ ಅವನು ಮೈಕಿನ ಮುಂದೆ ಕೂತ. ಪಕ್ಕದ ನಿರೂಪಕ ಮಹಾ ಮಾತಿನ ಮಲ್ಲ. ತಂಗಿ ಅಂತ ಪಕ್ಷಪಾತ ಮಾಡದೆ ಹೇಳಪ್ಪ, ಗೆಲ್ಲೋದು ಯಾರು ಎಂದು ಕಾಲೆಳೆದ. ಅದೃಷ್ಟ ಕೈ ಕೊಡದಿದ್ದರೆ ಅವಳೇ ಎಂದು ಒಂದು ಸುಳ್ಳು ಹೇಳಿ ಪಾರಾಗುವುದು ಇವನ ಲೆಕ್ಕಾಚಾರ. ಆದರೆ ತಲೆಯಲ್ಲೆಲ್ಲ ಆ ಮಣಿಕಟ್ಟೇ ಕೂತಿತ್ತಲ್ಲ, ಹಾಳು ನಾಲಿಗೆ ಜಾರಿತು.

"ನನ್ನ ತಂಗೀನೇ ಗೆಲ್ಲೋದು. ಎಡಗೈ ಕೈ ಕೊಡದಿದ್ರೆ."

ಎಡಗೈ ಕೈ ಕೊಟ್ಟರೆ ಬಲಗೈ ಇಲ್ಲವೇ ಎಂದು ನಿರೂಪಕ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಳಗೆ ಅಂಗಳದ ಬದಿಯಲ್ಲಿ ಕಿವಿಗೆ ರೇಡಿಯೊ ಸಿಕ್ಕಿಸಿಕೊಂಡು ಕೂತಿದ್ದ ಎದುರಾಳಿಯ ಕೋಚ್ ಮಾತ್ರ ನಗಲಿಲ್ಲ. ಧಡಕ್ಕನೆ ಎದ್ದು ಆಟಗಾರರ ಕೋಣೆಯ ಕಡೆಗೆ ನಡೆದ. ತಾನೇ ಗುಟ್ಟು ಬಿಟ್ಟುಕೊಟ್ಟೆನೆಂದು ಇವನಿಗೆ ಆಗ ಹೊಳೆಯಿತು.

ಆಮೇಲೆ ಕೇಳಬೇಕೇ. ಬಂದ ಚೆಂಡೆಲ್ಲ ಎಡಕ್ಕೇ. ಮೊದಲ ಸೆಟ್ಟನ್ನು ತಂಗಿ ಹಲ್ಲು ಕಚ್ಚಿ ಗೆದ್ದಳು. ಎರಡನೆಯದು ನೋಡನೋಡುತ್ತಲೇ ಕೈಬಿಟ್ಟು ಹೋಯಿತು. ಮೂರನೆಯದರಲ್ಲಿ ಅವಳು ಎಡಗೈಯನ್ನು ಪೂರ್ತಿ ಬಿಟ್ಟು, ಪ್ರತಿ ಚೆಂಡಿಗೂ ಸುತ್ತು ಹಾಕಿ ಓಡಿ ಬಲಗೈಯಲ್ಲೇ ಹೊಡೆಯತೊಡಗಿದಳು. ಜನ ಎದ್ದು ನಿಂತಿದ್ದರು. ಅವಳು ಒಮ್ಮೆಯೂ ಕೈ ಒದರಲಿಲ್ಲ, ಮುಖ ಕಿವುಚಲಿಲ್ಲ. ಮೇಲೆ ಕೂತವನಿಗೆ ಒಂದೊಂದು ಹೊಡೆತವೂ ತನ್ನ ಕಪಾಳಕ್ಕೇ ಬಿದ್ದಂತಾಗುತ್ತಿತ್ತು. ಈಗೇನು ಹೇಳ್ತೀಯ ಎಂದು ನಿರೂಪಕ ಕೇಳಿದಾಗ ಇವನು ಮೈಕನ್ನು ಅವನತ್ತಲೇ ತಳ್ಳಿದ. ಇಬ್ಬರೂ ಸಮಸಮ ಬಂದು, ಇನ್ನೇನು ಅನ್ನುವಾಗ, ಎಡಮೂಲೆಯ ಚೆಂಡೊಂದಕ್ಕೆ ಅವಳು ಓಡಿದಳು. ಕಾಲು ಮೂಲೆ ಮುಟ್ಟಿತು, ರಾಕೆಟ್ ಚೆಂಡು ಮುಟ್ಟಲಿಲ್ಲ. ಅಲ್ಲಿಗೆ ಮುಗಿಯಿತು.

ಗದ್ದಲ ತಗ್ಗಿದ ಮೇಲೆ ಅವನು ಅವಳ ಕೋಣೆಗೆ ಹೋದ. ಬೆಂಚಿನ ಮೇಲೆ ಕೂತು ಒಬ್ಬಳೇ ಪಟ್ಟಿ ಬಿಚ್ಚುತ್ತಿದ್ದಳು. ನನ್ನ ಬಾಯಿಂದಲೇ ಹಾಳಾಯಿತು ಎಂದು ಅವನು ತೊದಲಿದ. ರೇಡಿಯೊದಲ್ಲಿ ನಾನೂ ಕೇಳಿಸಿಕೊಂಡಿದ್ದೆ, ಬಾಯಿ ತಪ್ಪಿ ಬಂದದ್ದಕ್ಕೆ ಯಾರೇನು ಮಾಡಲಾದೀತು ಎಂದು ಅವಳೇ ಸಮಾಧಾನ ಹೇಳಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಒಂದು ನಿಜ ಹೇಳು ಅಣ್ಣ. ನಾನೇ ಗೆಲ್ಲೋದು ಅಂದ್ಯಲ್ಲ, ನಂಬಿದ್ಯಾ?"

ಆ ಮುಖ ನೋಡಿಕೊಂಡು ಇನ್ನೊಂದು ಸುಳ್ಳು ಹೇಳಲು ಅವನಿಂದಾಗಲಿಲ್ಲ. ಇಲ್ಲ ಎಂದು ತಲೆಯಾಡಿಸಿದ.

ಅವಳು ಬಿಚ್ಚಿದ ಪಟ್ಟಿಯನ್ನು ಸುರುಳಿ ಸುತ್ತಿ ಪಕ್ಕಕ್ಕಿಟ್ಟಳು.

"ನನಗೂ ನಂಬಿಕೆ ಇರ್ಲಿಲ್ಲ. ನೀನು ಸುಮ್ಸುಮ್ನೆ ಹೇಳೋನಲ್ಲ ಅಂತ, ಅದೊಂದೇ ಧೈರ್ಯದ ಮೇಲೆ ಕೊನೇವರೆಗೂ ಆಡ್ದೆ."