ಮಣಿಕಟ್ಟಿನ ಬಿಳಿ ದಾರ

ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿದ ಪಾಕೂ, ಅಮ್ಮನ ಮಣಿಕಟ್ಟು ನೋಡಿ ಮುಖ ಸಿಂಡರಿಸಿದಳು. ಅಮ್ಮನ ಆತ್ಮ ಹಿಂದೆ ಬಿಟ್ಟುಬಂದ ಲಾವೋಸಿನ ಕಾಡಿನಲ್ಲೇ ಉಳಿದುಹೋಗಿದೆ ಎಂದು ಭಾನುವಾರ ಅಮೆರಿಕದ ತಮ್ಮೂರು ಸೇಂಟ್ ಪಾಲ್‌ನ ನೆಂಟರೆಲ್ಲ ಸೇರಿ ಅದನ್ನು ಕರೆಸಿದ್ದರು. ಮತ್ತೆ ಜಾರಿಹೋಗದಂತೆ ಒಬ್ಬೊಬ್ಬರೂ ಹರಸಿ ಬಿಳಿ ದಾರ ಕಟ್ಟಿದ್ದರು. ಮೂರು ದಿನ ಅದನ್ನು ತೆಗೆಯುವಂತಿಲ್ಲ. ಇಂದಿಗೆ ಎರಡೇ ದಿನ.

“ಮನಸ್ಸಿನ ಡಾಕ್ಟ್ರ ಹತ್ರ ಹೋಗ್ತಿದೀವಮ್ಮಾ. ಇದನ್ನ ನೋಡಿದ್ರೆ ಕಾಡು ಜನ ಅಂದ್ಕೊಳ್ತಾರೆ. ಕೈ ಕೊಡಿಲ್ಲಿ.”

ಎರಡು ತಿಂಗಳಿಂದ ಊಟ, ನಿದ್ದೆ, ಮಾತು ಮೂರನ್ನೂ ಬಿಟ್ಟಿದ್ದ ಅಮ್ಮ ಝೋವಾ ಸುಮ್ಮನೆ ಕೈ ಚಾಚಿದಳು. ಆ ಕೈ ನೋಡಿಯಾದರೂ ಮಗಳಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಪುಟ್ಟ ಕತ್ತರಿಯಿಂದ ಕಚಕಚನೆ ಕತ್ತರಿಸಿ, ದಾರಗಳನ್ನು ಕೋಟಿನ ಜೇಬಿಗೆ ತುರುಕಿದಳು.

ಒಳಗಿದ್ದ ಡಾಕ್ಟರು ಅವರದೇ ಹ್ಮಾಂಗ್ ಜನಾಂಗದ ಹೆಂಗಸಾಗಿದ್ದರು! “ಬನ್ನಿ ದೊಡ್ಡಮ್ಮ” ಎಂದು ತಮ್ಮವರ ಮಾತಿನಲ್ಲೇ ಕರೆದು ಕುರ್ಚಿ ಎಳೆದಾಗ ಅಂಗಿಯ ತೋಳು ಸರಿದು, ಆಕೆಯ ಕೈಯಲ್ಲೂ ಮಾಸಿದ ಬಿಳಿ ದಾರ ಕಂಡಿತು. ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಪಾಕೂಗೆ.

“ಭಾನುವಾರ ಆತ್ಮ ಕರೆಸಿದ್ರಂತೆ, ನಿಮ್ಮ ತಮ್ಮ ಫೋನಲ್ಲಿ ಹೇಳಿದ್ರು. ದಾರ ಎಲ್ಲಿ ದೊಡ್ಡಮ್ಮ?”

ಝೋವಾ ಮಗಳತ್ತ ನೋಡಲಿಲ್ಲ. “ಪಾತ್ರೆ ತೊಳೆಯೋವಾಗ ಕಳಚ್ಕೊಂಡ್ವು. ಆತ್ಮಕ್ಕೇ ನನ್ನ ಹತ್ರ ಇರೋಕೆ ಇಷ್ಟ ಇಲ್ಲ ಅನ್ಸುತ್ತೆ. ಹೋಗ್ಲಿ ಬಿಡು.”

ಎರಡು ತಿಂಗಳಲ್ಲಿ ಅವಳಾಡಿದ ಮೊದಲ ಮಾತು ಅದು. ಶುರುವಾಗಿದ್ದು ಮಗಳ ಮಾನ ಉಳಿಸುವ ಸುಳ್ಳಿನಿಂದ, ಮುಗಿದದ್ದು ಸಾವಿನ ಹತ್ತಿರ. ಡಾಕ್ಟರು ಪೆನ್ನು ಕೆಳಗಿಟ್ಟರು. ಪಾಕೂ ಜೇಬಿಗೆ ಕೈ ಹಾಕಿದಳು.

“ಸುಳ್ಳು! ನಾನೇ ಕತ್ತರಿಸಿದ್ದು, ಈಗ ಕಾರಲ್ಲಿ. ನೀವು ಏನಂದ್ಕೊಳ್ತೀರೋ ಅಂತ ನಾಚಿಕೆಯಾಯ್ತು.” ಜೇಬಿನಿಂದ ತೆಗೆದು ಮೇಜಿನ ಮೇಲೆ ಹಾಕಿದಳು. ದಾರದ ಜೊತೆ ಚಾಕೊಲೇಟ್ ಕಾಗದವೂ ಬಿತ್ತು.

ಡಾಕ್ಟರು ಬೈಯಲಿಲ್ಲ. “ಇದರಲ್ಲಿ ನೀನು ಕಟ್ಟಿದ್ದು ಯಾವುದು?” ಎಂದಷ್ಟೇ ಕೇಳಿದರು.

ಬೈದಿದ್ದರೆ ಚೆನ್ನಾಗಿತ್ತು. ಭಾನುವಾರ ಫೋನಿನ ನೆಪ ಹೇಳಿ ಅವಳು ಅಡುಗೆಮನೆಯಿಂದ ಈಚೆಗೇ ಬಂದಿರಲಿಲ್ಲ. “ಕಟ್ಟಿಲ್ಲ,” ಎಂದಳು ತಲೆ ತಗ್ಗಿಸಿ.

ಝೋವಾ ಮೆಲ್ಲಗೆ ಕೈಯನ್ನು ಮಗಳ ಮುಂದಿಟ್ಟಳು. ಪಾಕೂ ಎರಡು ತುಂಡು ಸೇರಿಸಿ ಗಂಟು ಹಾಕಿ, ಆ ಬಡಕಲು ಮಣಿಕಟ್ಟಿಗೆ ಸುತ್ತಿದಳು. ಹರಸುವ ಮಾತು ಒಂದೂ ಬಾರದು.

“ಏನನ್ಬೇಕಮ್ಮಾ?”

“‘ಮನೆಗೆ ಬಾ’ ಅನ್ನು,” ಎಂದಳು ಝೋವಾ. “ಜೋರಾಗಿ ಅನ್ನೇ. ದೂರದಲ್ಲಿದೆ ಅದು.”