ಮಡಕೆಗೆ ಬಿದ್ದ ಓಟು

ತೊಂಬತ್ತೊಂಬತ್ತನೇ ಇಸವಿಯಲ್ಲಿ ಓಟಿನ ಯಂತ್ರವನ್ನು ಹಳ್ಳಿಹಳ್ಳಿಗೆ ಒಯ್ದು ತೋರಿಸುವ ಕೆಲಸ ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯ ಗುಮಾಸ್ತನಾದ ನನ್ನ ತಲೆಗೆ ಬಿತ್ತು. ಹೋದಲ್ಲೆಲ್ಲ ಒಂದೇ ರಾಗ: ಒತ್ತುವುದು ಒಬ್ಬರಿಗೆ, ಬೀಳುವುದು ಇನ್ನೊಬ್ಬರಿಗೆ. ಕೇಳಿ ಕೇಳಿ ತಲೆ ಕೆಟ್ಟಿತ್ತು.

ಪಾಲಹಳ್ಳಿಯಾಚೆಯ ಒಂದೂರಿನಲ್ಲಿ, ಸಂಜೆ ಹಾಲು ಹಾಕಲು ಜನ ಸೇರಿದ್ದ ಡೈರಿ ಜಗಲಿಯ ಮೇಲೆ ಯಂತ್ರ ಇಟ್ಟೆ. ಗುಂಡಿಗಳ ಪಕ್ಕ ಎರಡು ಚಿತ್ರ ಅಂಟಿಸಿದ್ದೆ, ಮಡಕೆ ಮತ್ತು ಛತ್ರಿ. ಡೈರಿ ಅಧ್ಯಕ್ಷ ಚಿಕ್ಕಯ್ಯನವರು ಹತ್ತು ವರ್ಷದಿಂದ ಕುರ್ಚಿ ಬಿಟ್ಟವರಲ್ಲ. ಮುಂದಿನ ವಾರ ಅದೇ ಕುರ್ಚಿಗೆ ಚುನಾವಣೆ, ಎದುರಾಳಿ ಬೋರಯ್ಯ. ಯಂತ್ರಕ್ಕೊಂದು ಪರೀಕ್ಷೆ ಹೂಡಿದ್ದು ಚಿಕ್ಕಯ್ಯನವರೇ.

“ಮಡಕೆ ನಂದು, ಛತ್ರಿ ಬೋರಯ್ಯಂದು. ಒತ್ಬುಟ್ಟು ಬಂದು, ಯಾರ್ಗೆ ಒತ್ತುದ್ರಿ ಅಂತ ಇಲ್ಲೇ ಬಾಯ್ಬುಟ್ಟು ಯೋಳಿ. ಮಿಷನ್ನು ಅಷ್ಟೇ ಲೆಕ್ಕ ಕೊಟ್ರೆ ನಂಬುವ.”

ಓಟು ಗುಟ್ಟಾಗಿರಬೇಕು ಕಣ್ರೀ ಎಂದೆ. ಯಾರು ಕೇಳಬೇಕು? ನಲವತ್ತು ಜನ ರಟ್ಟಿನ ಮರೆಗೆ ಹೋಗಿ ಒತ್ತಿ ಬಂದರು. ಮೊದಲು ಚಿಕ್ಕಯ್ಯನವರು “ಮಡಕೆ” ಎಂದರು; ಇನ್ನು ಮೂವತ್ತನಾಲ್ಕು ಜನ ಅವರ ಮುಖ ನೋಡಿ, ಗಂಟಲೆತ್ತಿ “ಮಡಕೆ” ಎಂದರು. ಆ ಗುಂಪಿನಲ್ಲಿ ಚಿಕ್ಕಯ್ಯನವರ ಹೆಂಡತಿ ಯಶೋದಮ್ಮನೂ ಇದ್ದರು. ಬೋರಯ್ಯನ ಮನೆಯ ಐವರು ಮಾತ್ರ ಛತ್ರಿ.

ಯಂತ್ರ ತೋರಿಸಿದ್ದು ಬೇರೆ: ಮಡಕೆ ಹನ್ನೆರಡು, ಛತ್ರಿ ಇಪ್ಪತ್ತೆಂಟು.

“ನೋಡುದ್ರಾ, ಕಳ್ಳ ಮಿಷನ್ನು!” ಎಂದು ಜನ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವರು ಸುಳ್ಳು ಹೇಳಿದವರೇ ಇರಬೇಕು. ಚಿಕ್ಕಯ್ಯನವರು ನನ್ನತ್ತ ಬೆರಳು ಮಾಡಿ, “ಮ್ಯಾಲಕ್ಕೆ ಅರ್ಜಿ ಬರೀತೀನಿ, ಊರೋರೆಲ್ಲ ಸಾಕ್ಸಿ” ಎಂದರು.

ಆಗ ಯಶೋದಮ್ಮ ಮುಂದೆ ಬಂದರು. “ಆ ಬಡಪಾಯಿನ ಯಾಕೆ ಬಯ್ತೀರಿ? ಮಿಷನ್ನು ಸರ್ಯಾಗೇ ಐತೆ. ನಾನೂ ಛತ್ರಿನೇ ಒತ್ತಿದ್ದು.”

“ನೀನೂವಾ?”

“ಊಂ. ಡೈರಿಗೆ ಅಧ್ಯಕ್ಸರು ನೀವು, ಒಂದಿನಾರ ಅಸ ಕರ್ದಿದ್ದೀರಾ? ನಾಕು ಅಸಾನೂ ನಾನೊಬ್ಳೇ ಕರೀಬೇಕು. ಆ ಕುರ್ಚಿ ಕೈ ತಪ್ಪುದ್ಮೇಲಾದ್ರೂ ಕೊಟ್ಗೆಗೆ ಬತ್ತೀರೇನೋ ಅಂತ ಒತ್ದೆ.”

ಕೂಗಾಡುತ್ತಿದ್ದವರೆಲ್ಲ ತಲೆ ತಗ್ಗಿಸಿ ನಿಂತರು. ಕಳ್ಳ ಮಿಷನ್ನು ಎಂಬ ಮಾತು ಮತ್ತೆ ಬರಲಿಲ್ಲ.

ನಾನು ಯಂತ್ರವನ್ನು ಪೆಟ್ಟಿಗೆಗೆ ಹಾಕುವಾಗ ಚಿಕ್ಕಯ್ಯನವರು ಪಕ್ಕಕ್ಕೆ ಬಂದು ಕೂತರು. ಅಷ್ಟು ಹೊತ್ತು ಅವರ ಮೇಲಿದ್ದ ನನ್ನ ಸಿಟ್ಟು ಇಳಿದು, ಪಾಪ ಅನ್ನಿಸಿತು.

“ಸಾ, ಅನ್ನೆರಡ್ರಲ್ಲಿ ಒಂದು ನಂದು” ಎಂದರು ಮೆಲ್ಲಗೆ. “ಮಿಕ್ಕ ಅನ್ನೊಂದು ಜನ ಯಾರು ಅಂತ ಇದ್ರಲ್ಲಿ ನೋಡಾಕಾಯ್ತದಾ?”

ಆಗುವುದಿಲ್ಲ ಎಂದೆ. ಅದು ಯಾರ ಹೆಸರನ್ನೂ ಇಟ್ಟುಕೊಳ್ಳುವುದಿಲ್ಲ.