ಮಂಗಳವಾರದ ಬೆಂಕಿ

ಒದಿಲ್ ಕೆಲಸದಿಂದ ಬಂದು ಬಾಗಿಲು ತೆಗೆದಾಗ ನರ್ಸ್ ಮ್ಯುರಿಯೆಲ್ ಮನೆಯೊಳಗೂ ಕೋಟು ಕಳಚದೆ ನಿಂತಿದ್ದಳು. ಅಷ್ಟು ನೋಡಿದರೆ ಸಾಕಾಗಿತ್ತು. ಆದರೂ ಒದಿಲ್‌ಳ ಕಣ್ಣು ಗೋಡೆಯ ಉಷ್ಣಮಾಪಕದ ಕಡೆಗೇ ಹೋಯಿತು. ಹೋದ ವಾರ ಮ್ಯುರಿಯೆಲ್, ಬಿಸಿ ಇದಕ್ಕಿಂತ ಇಳಿಯಬಾರದೆಂದು ಅದರ ಮೇಲೊಂದು ಕೆಂಪು ಪಟ್ಟಿ ಅಂಟಿಸಿ ಹೋಗಿದ್ದಳು. ಪಾದರಸದ ಗೆರೆ ಆ ಪಟ್ಟಿಗಿಂತ ಎರಡು ಬೆರಳು ಕೆಳಗಿತ್ತು.

ಮಂಚದ ಮೇಲೆ ಅಣ್ಣ ಕ್ಲೋವಿಸ್ ನಾಲ್ಕು ಕಂಬಳಿಯ ಅಡಿ ಕಣ್ಣು ಮುಚ್ಚಿ ಮಲಗಿದ್ದ. ಅವನ ತುಟಿ ನೀಲಿಗಟ್ಟಿತ್ತು. ಒದಿಲ್ ಕೈಗವಸು ಕಿತ್ತೆಸೆದು, ಮನೆ ಬೆಚ್ಚಗಿಡುವ ಕಟ್ಟಿಗೆ ಒಲೆಯ ಮೇಲೆ ಅಂಗೈ ಊರಿದಳು. ಒಲೆ ಉಗುರುಬೆಚ್ಚಗೂ ಇರಲಿಲ್ಲ.

"ಒದಿಲ್, ನಾನೇನು ನಿಮ್ಮ ಶತ್ರು ಅಲ್ಲ," ಎಂದಳು ಮ್ಯುರಿಯೆಲ್. "ಆದ್ರೆ ಇವರ ಮೈ ತಾನಾಗಿ ಬೆಚ್ಚಗಾಗಲ್ಲ, ಅದು ನಿಮಗೂ ಗೊತ್ತು. ಎರಡು ಸಲ ಆಯ್ತು. ಬರೋ ಮಂಗಳವಾರಾನೂ ಹೀಗೇ ಇದ್ರೆ ನಾನು ಬರೆದು ಕಳಿಸ್ಲೇಬೇಕು."

ಬರೆದು ಕಳಿಸಿದರೆ ಏನಾಗುತ್ತದೆಂದು ಮೂವರಿಗೂ ಗೊತ್ತಿತ್ತು. ಕ್ಲೋವಿಸ್‌ನನ್ನು ದಕ್ಷಿಣಕ್ಕೆ ನಾಲ್ಕು ಗಂಟೆ ದಾರಿಯ ಆರೈಕೆ ಮನೆಗೆ ಒಯ್ಯುತ್ತಾರೆ. ನಮ್ಮ ಕಣಿವೆಯಿಂದ ಅಲ್ಲಿಗೆ ಹೋದವರನ್ನು ವಾಪಸು ಕರೆತಂದದ್ದು ಹೂಳುವುದಕ್ಕೆ ಮಾತ್ರ. ಅಲ್ಲಿ ನಮ್ಮ ಹಾಗೆ ಫ್ರೆಂಚ್ ಮಾತಾಡುವವರು ಒಬ್ಬರೂ ಇಲ್ಲ. ನಾವು ದಿನಾ ತಿನ್ನುವ ಬಕ್‌ವೀಟ್ ಹಿಟ್ಟಿನ ದೋಸೆ ಬೇಕೆಂದರೆ ಅದೇನೆಂದು ಕೇಳುತ್ತಾರಂತೆ.

ಹದಿನೇಳು ವರ್ಷದ ಹಿಂದೆ ಕಾಡಿನಲ್ಲಿ ಮೇಪಲ್ ಮರ ಕಡಿಯುವಾಗ ಮೇಲೆ ಸಿಕ್ಕಿಕೊಂಡಿದ್ದ ಒಣಕೊಂಬೆ ಕ್ಲೋವಿಸ್‌ನ ಕತ್ತಿನ ಮೇಲೆ ಬಿದ್ದಿತ್ತು. ಆಮೇಲೆ ಅವನಿಗೆ ಉಳಿದದ್ದು ತಲೆ, ಬಾಯಿ ಮತ್ತು ಅರ್ಧ ಜೀವದ ಎಡಗೈ. ಒದಿಲ್ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದಳು. ಬೆಳಗ್ಗೆ ಐದೂವರೆಗೆ ಹೊರಟರೆ ಮನೆ ಸೇರುವಾಗ ಸಂಜೆ ನಾಲ್ಕು. ಮಧ್ಯಾಹ್ನ ಬಂದು ಒಲೆಗೆ ಕಟ್ಟಿಗೆ ಹಾಕುತ್ತಿದ್ದವನು ಪಕ್ಕದ ಹೊಲದ ಮುದುಕ ಓನೆಸಿಮ್. ಈ ಶರತ್ಕಾಲದಲ್ಲಿ ಅವನ ಮಗಳು ಅವನನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಹಾಗಾಗಿ ಹಳೆಯ ಒಲೆ ಕಿತ್ತು ಈ ಹೊಸದನ್ನು ಹಾಕಿಸಿದ್ದು. ಇದರ ಹೊಟ್ಟೆಯೊಳಗೆ ಜೇನುಹುಟ್ಟಿನ ಹಾಗೆ ತೂತುತೂತಾದ ಒಂದು ಬಿಲ್ಲೆ ಇದೆ. ಅದು ಕಾದಿತೆಂದರೆ ಹೊಗೆಯನ್ನೇ ಹಿಡಿದು ಸುಡುತ್ತದೆ. ಒಂದೇ ಸಲ ತುಂಬಿದ ಕಟ್ಟಿಗೆ ಹನ್ನೆರಡು ಗಂಟೆ ಬರುತ್ತದೆ ಎಂದು ಮಾರಿದವನು ಆಣೆ ಹಾಕಿದ್ದ. ಮಾರುವವರಿಗೇನು, ಆಣೆ ಹಾಕುತ್ತಾರೆ.

ಆದರೆ ಬರುತ್ತಿತ್ತು, ಅದೂ ನಿಜ. ಕ್ಲೋವಿಸ್ ಮಲಗಿದಲ್ಲಿಂದಲೇ ಎಲ್ಲ ಕಲಿಸಿದ್ದ. ಕಟ್ಟಿಗೆ ಎರಡು ಬೇಸಗೆ ಒಣಗಿರಬೇಕು, ಎರಡು ಸೀಳನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು. ದಪ್ಪ ಸೀಳುಗಳನ್ನು ಬೆರಳು ತೂರದಷ್ಟು ಒತ್ತಾಗಿ ಜೋಡಿಸಬೇಕು. ಹೊಗೆ ನೇರ ಚಿಮಣಿಗೆ ಹೋಗುವ ದಾರಿಯನ್ನು ಮೊದಲು ತೆರೆದಿಟ್ಟು ಚೆನ್ನಾಗಿ ಉರಿಸಬೇಕು. ಒಲೆಯ ಮೇಲೆ ಬಿಸಿ ತೋರುವ ಮುಳ್ಳು ಕಪ್ಪು ದಾಟಿ ಬಿಳಿಗೆ ಬಂದ ಮೇಲೆಯೇ ಪಕ್ಕದ ಹಿಡಿಯನ್ನು ಒತ್ತಿ ಆ ದಾರಿ ಮುಚ್ಚಬೇಕು. ಆಮೇಲೂ ಕಾಲು ಗಂಟೆ ಕಾದು ಗಾಳಿಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಬರಬೇಕು. ಕೊನೆಗೆ ಒಲೆಬಾಗಿಲ ಗಾಜಿನಾಚೆ ಒಂದು ನಾಲಗೆ ಉರಿಯೂ ಇರುವುದಿಲ್ಲ. ಎಲ್ಲ ಕಪ್ಪು. ಮೊದಲ ದಿನ ಒದಿಲ್ ಬೆಂಕಿ ಸತ್ತೇಹೋಯಿತೆಂದು ಬಾಗಿಲು ತೆಗೆಯಹೋಗಿ ಅಣ್ಣನಿಂದ ಚೆನ್ನಾಗಿ ಬೈಸಿಕೊಂಡಿದ್ದಳು.

ಉಳಿದೆಲ್ಲ ದಿನ ಒಲೆ ಸಂಜೆಯವರೆಗೆ ಕಾದೇ ಇರುತ್ತಿತ್ತು. ಮಂಗಳವಾರ ಮಾತ್ರ ಕೈಕೊಡುತ್ತಿತ್ತು. ಎರಡು ಸಲವೂ ಬಂದು ನೋಡಿದರೆ ಆ ಹಿಡಿ ಮೇಲೆದ್ದಿತ್ತು, ದಾರಿ ತೆರೆದಿತ್ತು, ಬಿಸಿಯೆಲ್ಲ ಚಿಮಣಿಯಲ್ಲಿ ಹರಿದುಹೋಗಿತ್ತು. ನರ್ಸ್ ಬರುವ ದಿನವೆಂಬ ಗಡಿಬಿಡಿಯಲ್ಲಿ ತಾನೇ ಮರೆತೆನೆಂದು ಒದಿಲ್ ತಲೆ ಚಚ್ಚಿಕೊಂಡಳು. ಈ ಎರಡನೇ ಸಲವಂತೂ ಹೊರಡುವಾಗ ಹಿಡಿಯನ್ನು ಮುಟ್ಟಿ, ಮುಚ್ಚಿದ್ದೇನೆ ಎಂದು ಬಾಯಿಬಿಟ್ಟು ಹೇಳಿಕೊಂಡೇ ಹೋಗಿದ್ದಳು. ತನ್ನ ಬುದ್ಧಿಯೇ ಸಡಿಲವಾಗುತ್ತಿದೆಯೇನೋ ಎಂದು ಅವಳಿಗೆ ಭಯವಾಯಿತು. ತಾಯಿಗೆ ಹಾಗೇ ಆಗಿತ್ತು.

ಭಾನುವಾರ ಚರ್ಚಿನಿಂದ ಬಂದು ಒಲೆಯ ಬೂದಿ ತೆಗೆಯುವಾಗ ಆ ಹಿಡಿಗೆ ಏನೋ ಕರ್ರಗೆ ಅಂಟಿರುವುದು ಕಂಡಿತು. ಉಗುರಿನಿಂದ ಕೆರೆದಳು. ಸುಟ್ಟ ರಬ್ಬರಿನ ವಾಸನೆ.

ಮನೆಯಲ್ಲಿ ರಬ್ಬರು ಸುತ್ತಿದ್ದ ವಸ್ತು ಒಂದೇ ಇತ್ತು. ಕ್ಲೋವಿಸ್‌ನ ಕೋಲು. ಓನೆಸಿಮ್ ಅದರ ತುದಿಗೊಂದು ಕೊಕ್ಕೆ ಕೂರಿಸಿ, ಜಾರದಿರಲೆಂದು ಸೈಕಲ್ ಟ್ಯೂಬು ಸುತ್ತಿಕೊಟ್ಟಿದ್ದ. ಎಡಗೈಗೆ ಕಟ್ಟಿದ್ದ ಬಟ್ಟೆಪಟ್ಟಿಗೆ ಅದನ್ನು ಸಿಕ್ಕಿಸಿಕೊಂಡು ಕ್ಲೋವಿಸ್ ದೀಪ ಹಾಕುತ್ತಿದ್ದ, ರೇಡಿಯೋ ತಿರುಗಿಸುತ್ತಿದ್ದ, ನೀರಿನ ಲೋಟವಿದ್ದ ಗಾಲಿಮೇಜನ್ನು ಬಾಯಿಯ ಹತ್ತಿರ ಎಳೆದುಕೊಳ್ಳುತ್ತಿದ್ದ. ಒದಿಲ್ ಎದ್ದು ಹೋಗಿ ಕೋಲನ್ನು ಕೈಗೆತ್ತಿಕೊಂಡಳು. ಕೊಕ್ಕೆಯ ರಬ್ಬರು ಕರಗಿ ಇಳಿದಿತ್ತು.

ಅವಳು ಕೋಲು ಹಿಡಿದುಕೊಂಡೇ ಮಂಚದ ಅಂಚಿನಲ್ಲಿ ಕೂತಳು. ಕ್ಲೋವಿಸ್ ಅವಳ ಕೈಯಲ್ಲಿದ್ದುದನ್ನು ನೋಡಿ ಮುಖವನ್ನು ಗೋಡೆಗೆ ತಿರುಗಿಸಿಕೊಂಡ.

"ಚಿಮಣಿಗೆ ಬೆಂಕಿ ಹತ್ತಿದ್ರೆ ಏನೋ ಮಾಡ್ತಿದ್ದೆ?" ಎಂದಳು. "ಮಲಗಿದಲ್ಲೇ ಸುಟ್ಟು ಹೋಗ್ತಿದ್ದೆ."

"ಹೋಗ್ತಿದ್ದೆ."

"ನಾನಿಲ್ಲಿ ನಂಗೇ ಹುಚ್ಚು ಹಿಡೀತಿದೆ ಅಂತ ಅಂದ್ಕೊಂಡಿದ್ದೆ ಕಣೋ. ನೀನು ನೋಡ್ತಾ ಸುಮ್ನೆ ಮಲಗಿದ್ದೆ."

ಅವನು ಗೋಡೆಗೇ ಹೇಳುವವನಂತೆ ಡಿಸೆಂಬರಿನ ಆ ಸಂಜೆಯ ಮಾತೆತ್ತಿದ. ಅಂದು ಕೆಲಸ ಬಿಡುವುದು ತಡವಾಗಿ, ಬೆಂಕಿ ಆರುವ ಮೊದಲು ಮನೆ ಸೇರಬೇಕೆಂದು ಓಡಿಸಿಕೊಂಡು ಬರುವಾಗ ನದಿಯ ತಿರುವಿನಲ್ಲಿ ಒದಿಲ್‌ಳ ಕಾರು ಮಂಜಿನ ಮೇಲೆ ಜಾರಿ ಹಳ್ಳಕ್ಕೆ ನುಗ್ಗಿತ್ತು. ಎರಡು ಮೈಲಿ ನಡೆದುಕೊಂಡು ಬಂದಿದ್ದಳು.

"ಹಣೆ ಒಡೆದಿತ್ತು ನಿಂದು. ಒರೆಸ್ಕೊಳ್ಳೋ ಮೊದ್ಲು ಒಲೆಗೆ ಕಟ್ಟಿಗೆ ಹಾಕ್ದೆ. ಸೀಳಿನ ಮೇಲೆ ರಕ್ತ ತೊಟ್ಟಿಕ್ತಿತ್ತು, ನಾನು ಇಲ್ಲಿಂದ ನೋಡ್ತಿದ್ದೆ. ಆ ಆರೈಕೆ ಮನೇಲಿ ಗೋಡೇಲೇ ಬಿಸಿಗಾಳಿ ಬರುತ್ತಂತೆ, ಒದಿಲ್. ಯಾರೂ ಹಳ್ಳಕ್ಕೆ ಬೀಳ್ಬೇಕಾಗಿಲ್ಲ. ಕಳಿಸಿಬಿಡು ನನ್ನ."

"ನಿನ್ನ ಕಳಿಸಿ ಈ ಒಲೆ ಯಾರಿಗೋಸ್ಕರ ಹಚ್ಚಲಿ ನಾನು?"

ಒದಿಲ್ ಸಿಟ್ಟಿನಿಂದಲೇ ಎದ್ದು ಹೋಗಿ ಕೊಟ್ಟಿಗೆಯಿಂದ ಬೇಲಿತಂತಿಯ ತುಂಡು, ಇಕ್ಕಳ ತಂದಳು. ಹಿಡಿಗೆ ಎರಡು ಸುತ್ತು ಬಿಗಿದುಬಿಟ್ಟರೆ ಮುಗಿಯಿತು. ಅವಳು ಒಲೆಯ ಮುಂದೆ ಮಂಡಿಯೂರಿದ್ದನ್ನು ಕ್ಲೋವಿಸ್ ನೋಡಿದ.

"ಕಟ್ಟು," ಎಂದ. "ಹಾಗೇ ನನ್ನ ಈ ಕೈನೂ ಕಟ್ಟಿಬಿಡು. ಉಳಿದಿರೋದು ಅದೊಂದೇ."

ಅವಳು ತಂತಿಯನ್ನು ಹಿಡಿಗೆ ಒಂದು ಸುತ್ತು ಸುತ್ತಿ ಮತ್ತೆ ಬಿಚ್ಚಿದಳು. ಕೊನೆಗೆ ಕಟ್ಟಲಿಲ್ಲ. ಸೋಮವಾರ ಪೂರ್ತಿ ಇಬ್ಬರೂ ಊಟ, ಔಷಧಿ, ಹವಾಮಾನದ ಹೊರತು ಬೇರೇನೂ ಮಾತಾಡಲಿಲ್ಲ. ಮರುದಿನ ಚಳಿಯ ಜೊತೆ ಗಾಳಿಯೂ ಜೋರಿರುತ್ತದೆಂದು ರೇಡಿಯೋ ಹೇಳಿತು.

ಮಂಗಳವಾರ ಬೆಳಗ್ಗೆ ಒದಿಲ್ ಕೆಂಡವನ್ನು ಮುಂದಕ್ಕೆಳೆದು ಬಾಯ್ತುಂಬ ಮೇಪಲ್ ಮತ್ತು ಬರ್ಚ್ ತುಂಬಿದಳು. ಎಂದೂ ಬಾಯಿ ಹಾಕದೆ ಬಿಡದ ಕ್ಲೋವಿಸ್ ಇಂದು ಗೋಡೆಯ ಕಡೆ ತಿರುಗಿದ್ದ. ಮುಳ್ಳು ಬಿಳಿಗೆ ಬಂತು, ಹಿಡಿ ಒತ್ತಿದಳು, ಗಾಳಿ ಇಳಿಸಿದಳು. ಗಾಜು ಕಪ್ಪಾಯಿತು. ಲೋಟಕ್ಕೆ ನೀರು ತುಂಬಿ ಗಾಲಿಮೇಜಿನ ಮೇಲಿಟ್ಟಳು. ಕೋಲನ್ನು ಅವನ ಎಡಗೈಯ ಪಟ್ಟಿಗೆ ತಾನೇ ಸಿಕ್ಕಿಸಿದಳು. ಬರ್ತೀನಿ ಎಂದಷ್ಟೇ ಹೇಳಿ ಬಾಗಿಲೆಳೆದುಕೊಂಡಳು.

ಆ ದಿನ ಹೇಗೆ ಕಳೆಯಿತೆಂದು ಅವಳನ್ನು ಕೇಳಬಾರದು. ಒದ್ದೆ ಹಾಸುಬಟ್ಟೆಗಳನ್ನು ಯಂತ್ರದಿಂದ ತೆಗೆಯುವಾಗಲೆಲ್ಲ ಗಡಿಯಾರ ನೋಡಿದಳು. ಒಂಬತ್ತಕ್ಕೆ, ಈಗ ತೆರೆದಿದ್ದರೆ ಮಧ್ಯಾಹ್ನಕ್ಕೆ ಖಾಲಿ ಎಂದು ಲೆಕ್ಕ ಹಾಕಿದಳು. ಮಧ್ಯಾಹ್ನಕ್ಕೆ, ಈಗ ತೆರೆದರೂ ಮ್ಯುರಿಯೆಲ್ ಬರುವಷ್ಟರಲ್ಲಿ ತಣ್ಣಗಾಗುತ್ತದೆ ಎಂದುಕೊಂಡಳು. ಮನೆಗೆ ಫೋನು ಮಾಡಿ ಕೇಳೋಣವೆಂದು ಎರಡು ಸಲ ಎದ್ದು ಎರಡು ಸಲವೂ ಕೂತಳು. ಕೇಳಿ ಮಾಡುವುದಾದರೂ ಏನಿತ್ತು?

ಅಂಗಳಕ್ಕೆ ಕಾರು ತಿರುಗಿಸಿದಾಗ ಸೂರ್ಯ ಇನ್ನೂ ಹೊಲದಂಚಿನಲ್ಲಿದ್ದ. ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಈ ಒಲೆಯ ಕರ್ಮವೇ ಅದು: ಚೆನ್ನಾಗಿ ಉರಿದರೂ ಹೊಗೆ ಇಲ್ಲ, ಆರಿಹೋದರೂ ಹೊಗೆ ಇಲ್ಲ. ಹಿಂದೆಯೇ ಮ್ಯುರಿಯೆಲ್‌ಳ ಕಾರು ರಸ್ತೆಯಿಂದ ತಿರುಗುತ್ತಿತ್ತು. ಒದಿಲ್ ಅವಳಿಗೆ ಕಾಯದೆ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದೊಡನೆ ಬಿಸಿ ಮುಖಕ್ಕೆ ಬಡಿಯಿತು. ಹಿಡಿ ಅವಳು ಒತ್ತಿದ ಹಾಗೇ ಕೆಳಗಿತ್ತು. ಒಂದು ಹೆಜ್ಜೆ ಇಟ್ಟವಳ ಬೂಟಿಗೆ ಏನೋ ತಗುಲಿ ಉರುಳಿತು. ಕೋಲು. ಮಂಚದಿಂದ ಇಷ್ಟು ದೂರ, ಬಾಗಿಲ ಹತ್ತಿರದವರೆಗೆ ಅದು ತಾನಾಗಿ ಬೀಳುವ ಹಾಗಿರಲಿಲ್ಲ. ಎಡಗೈಯ ಪಟ್ಟಿ ಹರಿದು ಜೋಲುತ್ತಿತ್ತು. ಅದನ್ನು ಅವನು ಹಲ್ಲಿನಿಂದಲೇ ಹರಿದಿರಬೇಕು. ಕೋಣೆ ಮಬ್ಬಾಗಿತ್ತು, ದೀಪ ಹಾಕಿರಲಿಲ್ಲ, ರೇಡಿಯೋ ಇರಲಿಲ್ಲ. ಗಾಲಿಮೇಜು ಬೆಳಗ್ಗೆ ನಿಲ್ಲಿಸಿದ್ದಲ್ಲೇ ನಿಂತಿತ್ತು, ಲೋಟ ಅಂಚಿನವರೆಗೆ ತುಂಬಿತ್ತು.

"ಯಾವಾಗ ಎಸೆದೆ?" ಎಂದಳು.

"ನೀನು ಹೋದ ಕೂಡ್ಲೇ," ಎಂದ ಕ್ಲೋವಿಸ್. ಅವನ ನಾಲಗೆ ಒಣಗಿ ಮಾತು ಅಂಗುಳಿಗೆ ಅಂಟುತ್ತಿತ್ತು. "ಆಮೇಲಾದ್ರೆ ಆಗ್ತಿರ್ಲಿಲ್ಲ, ಹಿಡಿ ಎತ್ತಿಬಿಡ್ತಿದ್ದೆ."

ಹೊರಗೆ ಮ್ಯುರಿಯೆಲ್ ಮೆಟ್ಟಿಲ ಮೇಲೆ ಬೂಟಿನ ಮಂಜು ಕೊಡವುತ್ತಿದ್ದಳು. ಒದಿಲ್ ಕೋಟು ಕೂಡ ಬಿಚ್ಚದೆ ಅಣ್ಣನ ತಲೆಯ ಕೆಳಗೆ ತೋಳು ಕೊಟ್ಟು ಎತ್ತಿ, ಲೋಟವನ್ನು ತುಟಿಗೆ ಹಿಡಿದಳು. ಅವನು ಕಣ್ಣು ಮುಚ್ಚಿಕೊಂಡು ಒಂದೇ ಸಮನೆ ಕುಡಿದ. ನೀರು ಗಡ್ಡದಿಂದ ಇಳಿದು ಅವಳ ತೋಳನ್ನು ನೆನೆಸಿತು. ಲೋಟ ಖಾಲಿಯಾದ ಮೇಲೂ ಅವನು ಬಾಯಿ ತೆಗೆದುಕೊಂಡೇ ಇದ್ದ.